ಅಮೆರಿಕದಲ್ಲಿ ನಾನು ತೆಗೆಯದ ಫ್ಯೂಸು

ತಿಪಟೂರು, ಹೊರಡುವ ಮುಂಚೆ

ನಾನು ಓದು ನಿಲ್ಲಿಸಿದ್ದು ೧೯೭೧ರಲ್ಲಿ, ಏಳನೆಯ ಕ್ಲಾಸಿಗೆ. ಫೇಲಾಗಿ ಅಲ್ಲ. ಬಿಳಿಗೆರೆಯ ನಮ್ಮ ತೆಂಗಿನ ತೋಟದಲ್ಲಿ ಕಾಯಿ ಕೆಡವುವ ದಿನವೇ ಪರೀಕ್ಷೆ ಬಿತ್ತು. ಅಪ್ಪ ಎಣಿಸಲು ನಿಲ್ಲಿಸಿಕೊಂಡರು, ನಾನೂ ಮತ್ತೆ ಸ್ಕೂಲಿನ ಕಡೆ ಮುಖ ಹಾಕಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕಕ್ಕೆ ಹೋಗಿ ಬಂದ ಓದಿದವರು ಬರೆದದ್ದನ್ನು ನಾನೂ ನೋಡಿದ್ದೇನೆ. ಅವರೆಲ್ಲ ಅಲ್ಲಿನ ರಸ್ತೆ ಕಂಡು ಬಾಯಿ ಬಿಟ್ಟವರು. ನಾನು ಕೆಲಸಕ್ಕೆ ಹೋದವನು. ಕೆಲಸಕ್ಕೆ ಹೋದವನಿಗೆ ರಸ್ತೆ ಎಷ್ಟು ಅಗಲ ಇದ್ದರೇನು?

ನನ್ನ ಕೆಲಸ ಮೈಕ್ ಸೆಟ್. ೧೯೯೮ರ ಹೊತ್ತಿಗೆ ನಾನೂ ರಫೀಕನೂ ಸೇರಿ ತಿಪಟೂರಿನಲ್ಲಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಗಿತ್ತು. ರಫೀಕ್ ಮೆಕ್ಯಾನಿಕ್ ಮನೆಯವನು. ಅವನ ತಂದೆ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಕಟ್ಟುತ್ತಿದ್ದರು. ಜನರ ಹತ್ತಿರ ಮಾತಾಡುವುದು, ಸಾಮಾನು ಹೊರುವುದು, ಮರ ಹತ್ತಿ ಹಾರ್ನ್ ಕಟ್ಟುವುದು ನನ್ನ ಪಾಲು. ವೈರು ಜೋಡಿಸುವುದು, ದನಿ ಏರಿಸಿ ಇಳಿಸುವ ತಿರುಪು ಹಿಡಿಯುವುದು ಅವನ ಪಾಲು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತು. ಮೊದಲು ನನ್ನದು.

ಬೇರೆ ಮೈಕ್ ಸೆಟ್ಟಿನವರು ಬೆರಳಲ್ಲಿ ಮೈಕ್ ಕುಟ್ಟಿ ‘ಹಲೋ, ಹಲೋ’ ಎನ್ನುತ್ತಾರೆ. ನಾವು ಹಾಗಲ್ಲ. ಅಂಗಡಿಯಲ್ಲಿ ಒಂದು ಒಣಗಿದ ಕಾಯಿ ಇರುತ್ತದೆ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವಲ್ಲ, ಒಳಗಿನ ನೀರು ಪೂರ್ತಿ ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗುಡುಗುಡು ಎಂದು ಉರುಳುತ್ತದೆ. ಆ ಶಬ್ದ ಕೇಳಿಯೇ ವ್ಯಾಪಾರಸ್ಥರು ಕಾಯಿ ಆಗಿದೆಯೋ ಇಲ್ಲವೋ ಹೇಳುವುದು. ರಫೀಕ್ ಅಂಥ ಕಾಯಿಯನ್ನು ಮೈಕಿನ ಮುಂದೆ ಹಿಡಿದು ಒಂದು ಸಲ ಅಲ್ಲಾಡಿಸಿ ಸುಮ್ಮನಾಗುತ್ತಾನೆ. ಉಂಡೆ ಉರುಳಿ ನಿಂತದ್ದು ಕೊನೇ ಸಾಲಿನ ತನಕ ಬಿಡಿಬಿಡಿಯಾಗಿ ಕೇಳಿದರೆ ಸೆಟ್ ಸರಿ ಇದೆ. ಇಲ್ಲದಿದ್ದರೆ ಇಲ್ಲ.

ಇನ್ನೊಂದು ಪದ್ಧತಿ ಫ್ಯೂಸಿನದು. ಮದುವೆ ಮನೆಯಲ್ಲಿ ಬೀಗರು ಮೈಕ್ ಕಿತ್ತುಕೊಂಡು ಜಗಳಕ್ಕೆ ಬೀಳುತ್ತಾರೆ, ಸಭೆಯಲ್ಲಿ ಇಬ್ಬರು ಲೀಡರುಗಳು ಒಬ್ಬರ ಮೇಲೊಬ್ಬರು ಹರಿಹಾಯುತ್ತಾರೆ. ಆಗ ರಫೀಕ್ ಯಾರಿಗೂ ಕಾಣದಂತೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ‘ಕರೆಂಟ್ ಹೋಯ್ತು’ ಎಂದು ಕೂಗುವುದು ನನ್ನ ಕೆಲಸ. ಮೈಕ್ ಸತ್ತರೆ ಅರ್ಧ ಜಗಳ ಸಾಯುತ್ತದೆ. ಆಡಿದವರಿಗೂ ಆಡಿದ್ದು ಯಾರಿಗೂ ಕೇಳಲಿಲ್ಲ ಅನ್ನುವ ಸಮಾಧಾನ. ಹೀಗೆ ಉಳಿಸಿಕೊಟ್ಟ ಸಂಬಂಧಗಳು ಕಂದಿಕೆರೆಯಿಂದ ಅಮ್ಮಸಂದ್ರದ ತನಕ ಇವೆ. ಅವರಿಗೇ ಅದು ಗೊತ್ತಿಲ್ಲ.

ಆ ವರ್ಷ ನನ್ನ ಷಡ್ಡಕ ಮಹಾಲಿಂಗಪ್ಪ ಅಮೆರಿಕದಿಂದ ಕಾಗದ ಬರೆದ. ನನ್ನ ಹೆಂಡತಿಯ ಅಕ್ಕನ ಗಂಡ, ತುರುವೇಕೆರೆಯವನು. ಅಲ್ಲಿ ನಮ್ಮ ಜನಕ್ಕೆ ಮದುವೆ ಮಾಡಲು ಒಂದು ಹಾಲ್ ಇಟ್ಟುಕೊಂಡಿದ್ದಾನೆ. ಹಾಲಿನ ಮೈಕ್ ಸದಾ ಕುಂಯ್ಯೋ ಎಂದು ಕಿರುಚುತ್ತಿತ್ತಂತೆ. ಅಲ್ಲಿನ ರಿಪೇರಿಯವರು ಮೂರು ಸಲ ಬಂದು ಹೋದರೂ ನಿಲ್ಲಲಿಲ್ಲವಂತೆ. ‘ನಿಮ್ಮಿಬ್ಬರಲ್ಲಿ ಕಿವಿ ಇರುವವನು ಯಾರೋ ಅವನು ಬರಲಿ, ಒಬ್ಬನಿಗಷ್ಟೇ ಕಾಗದಪತ್ರ ಮಾಡಿಸಬಲ್ಲೆ’ ಎಂದು ಬರೆದಿದ್ದ.

ನಾನು ಹೊರಟೆ.

ವೀಸಾ ಆದ ಮೇಲೆ ಕಾಗದ ರಫೀಕನ ಕೈಗೆ ಸಿಕ್ಕಿತು. ಎರಡು ಸಲ ಓದಿ ಮಡಿಸಿಟ್ಟ.

“ಕಿವಿ ಇರೋನು ಅಂತ ಬರ್ದವ್ರಲ್ಲಾ, ಬಸ್ರಾಜ?”

“ಅವ್ರು ನಮ್ ನೆಂಟ್ರು ಕಣ್ಲಾ. ನೀನೆಂಗ್ ಹೋಯ್ತೀಯ?”

“ನಾನು ಹೋಯ್ತೀನಿ ಅಂದ್ನಾ? ಕೇಳ್ಬೋದಾಗಿತ್ತು ನೀನು.” ಒರೆಸುತ್ತಿದ್ದ ಮೈಕನ್ನು ಡಬ್ಬಿಗಿಟ್ಟು ಮುಚ್ಚಳ ಹಾಕಿದ. “ಹೋಗ್ ಬಾ. ಬಂದ್ಮೇಲೆ ಸಾಮಾನು ಎರಡು ಭಾಗ ಮಾಡ್ಕಂಡ್ ಬುಡಾಣ. ನಿಂದು ನಿಂಗೆ, ನಂದು ನಂಗೆ.”

ಮಾಡ್ಕೊಳ್ಳಾಣ ಬಿಡು ಎಂದು ನಾನೂ ಅಂದೆ. ತಗ್ಗುವ ಪೈಕಿ ನಾನಲ್ಲ. ಬಸ್‌ಸ್ಟ್ಯಾಂಡಿಗೆ ಅವನು ಬರಲಿಲ್ಲ.

ವಿಮಾನ ಇಳಿದ ಕಡೆ

ಊರಿನ ಅಟ್ಟದಿಂದ ಆರಿಸಿ ಒಂದು ಕಾಯಿ ತಂದಿದ್ದೆ, ಮೈಕ್ ನೋಡುವುದಕ್ಕೆ. ಚೀಲದಲ್ಲಿ ಪಂಚೆಯೊಳಗೆ ಸುತ್ತಿಟ್ಟಿದ್ದೆ. ವಿಮಾನ ಇಳಿದು ಹೊರಗೆ ಬರುವಷ್ಟರಲ್ಲಿ ಒಂದು ನಾಯಿ ಬಂದು ನನ್ನ ಚೀಲದ ಪಕ್ಕ ಕುಳಿತುಬಿಟ್ಟಿತು. ಬೊಗಳಲಿಲ್ಲ, ಕಚ್ಚಲಿಲ್ಲ, ಕುಳಿತಿತು ಅಷ್ಟೇ. ಅಲ್ಲಿ ನಾಯಿಗೂ ನೌಕರಿ ಇದೆ, ನೌಕರಿಯ ಗತ್ತೂ ಇದೆ.

ಕೈಗೆ ಗವಸು ಹಾಕಿದ್ದ ಒಬ್ಬಾಕೆ ಕಾಯಿ ತೆಗೆದು ಅಲ್ಲಾಡಿಸಿದಳು. ಗುಡುಗುಡು. ಅವಳ ಮುಖ ಬದಲಾಯಿತು. ಇನ್ನೊಬ್ಬನನ್ನು ಕರೆದಳು, ಅವನೂ ಅಲ್ಲಾಡಿಸಿದ. ಅವನು ಮೂರನೆಯವನನ್ನು ಕರೆದ. ಮೂವರು ಆಫೀಸರುಗಳು ಸರದಿಯ ಮೇಲೆ ನಮ್ಮೂರ ಕಾಯಿ ಅಲ್ಲಾಡಿಸುತ್ತಾ ನಿಂತದ್ದು ನೋಡಿ, ಇವರನ್ನು ನಮ್ಮ ಕೊಬ್ಬರಿ ಮಂಡಿಗೆ ಸೇರಿಸಿಕೊಂಡರೆ ವಾರದಲ್ಲಿ ಕೆಲಸ ಕಲಿತಾರು ಅಂದುಕೊಂಡೆ. ಒಳಗೆ ಏನು ಬಚ್ಚಿಟ್ಟಿದ್ದೀಯ ಅಂತ ಅವರ ಪ್ರಶ್ನೆ.

“ಕೊಬ್ಬರಿ, ಮೇಡಮ್. ಮೈಕ್ ಟೆಸ್ಟಿಂಗ್,” ಎಂದೆ. ನನಗೆ ಬರುವ ಇಂಗ್ಲಿಷೆಲ್ಲ ಮೈಕಿನದೇ.

ಕಾಯಿ ಎಂದರೆ ಒಪ್ಪುತ್ತಿದ್ದರೋ ಏನೋ, ಮೈಕ್ ಎಂದದ್ದೇ ತಪ್ಪಾಯಿತು. ಮಿಷನ್ನಿನೊಳಗೆ ಹಾಕಿ ನೋಡಿದರು. ಚೆಂಡಿನೊಳಗೆ ಚೆಂಡು ಕಂಡಿತು. ಕೊನೆಗೆ ಒಳಗೆ ಒಯ್ದು ಒಡೆದರು; ಸಿಕ್ಕಿದ್ದು ಹಾಲಿನಂಥ ಬಿಳಿ ಕೊಬ್ಬರಿ. ತಿನ್ನಿ ಎಂದು ಕೈ ಮಾಡಿ ತೋರಿಸಿದೆ. ಹಳದಿ ಡಬ್ಬಿಗೆ ಎಸೆದರು. ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ಹದವಾದ ಕಾಯಿ! ತಿನ್ನುವುದು ಗೊತ್ತಿಲ್ಲ, ಎಸೆಯುವುದು ಮಾತ್ರ ಚೆನ್ನಾಗಿ ಗೊತ್ತು.

ಮಹಾಲಿಂಗಪ್ಪನ ಹಾಲ್

ಮಹಾಲಿಂಗಪ್ಪ ತುರುವೇಕೆರೆಯಲ್ಲಿದ್ದಾಗ ಚಪ್ಪಲಿ ಇಲ್ಲದೆ ತೋಟ ಸುತ್ತುತ್ತಿದ್ದವನು. ಈಗ ಸ್ನಾನದ ಮನೆಗೆ ಬೇರೆ ಚಪ್ಪಲಿ, ಅಡಿಗೆ ಮನೆಗೆ ಬೇರೆ ಚಪ್ಪಲಿ. ಹಾಲ್ ತೋರಿಸುವಾಗ ಅವನ ಎದೆ ಒಂದು ಗೇಣು ಮುಂದೆ ಬಂದಿತ್ತು.

“ಇದ್ನ ನೋಡು, ಬಸ್ರಾಜು. ಈ ಸೀಮೇಲಿ ಇಂಥದ್ ಇನ್ನೊಂದಿಲ್ಲ.”

ವೇದಿಕೆಯ ಎದುರಿನ ಗೋಡೆಗೆ ಈ ಮೂಲೆಯಿಂದ ಆ ಮೂಲೆಗೆ ಕನ್ನಡಿ ಹಾಕಿಸಿದ್ದ. ಮದುಮಕ್ಕಳು ವೇದಿಕೆಯ ಮೇಲಿಂದಲೇ ತಮ್ಮನ್ನು ತಾವು ನೋಡಿಕೊಳ್ಳಬಹುದಂತೆ. ಮದುವೆಯಾಗುವ ಹೊತ್ತಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಬಿಟ್ಟು ತಮ್ಮನ್ನೇ ನೋಡಿಕೊಳ್ಳುವ ಜನ ಎಂಥವರು ಎಂದು ಕೇಳಬೇಕೆನಿಸಿತು. ಊಟ ಹಾಕುವವನು ಅವನೇ, ಸುಮ್ಮನಾದೆ.

ಮೈಕ್ ಹಾಕಿದರೆ ನಿಜವಾಗಿಯೂ ಕುಂಯ್ಯೋ. ನಾನು ಸ್ಪೀಕರ್ ಸರಿಸಿದೆ, ವೈರು ಬದಲಿಸಿದೆ, ತಿರುಪು ಇಳಿಸಿದೆ. ದನಿ ಇಳಿಯಿತೇ ಹೊರತು ಕಿರುಚಾಟ ನಿಲ್ಲಲಿಲ್ಲ. ಕಾಯಿ ಬೇಕು ಎಂದೆ. ಮಹಾಲಿಂಗಪ್ಪ ಕಾರಿನಲ್ಲಿ ಕೂರಿಸಿಕೊಂಡು ಒಂದು ದೊಡ್ಡ ಅಂಗಡಿಗೆ ಹೋದ. ಅಲ್ಲಿ ಕಾಯಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಚೀಟಿ ಅಂಟಿಸಿ, ಮಗುವಿನ ತಲೆಯ ಹಾಗೆ ನುಣ್ಣಗೆ ಉಜ್ಜಿ ಇಟ್ಟಿದ್ದರು. ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು. ಹತ್ತು ಕಾಯಿ ಅಲ್ಲಾಡಿಸಿದರೆ ಹತ್ತರಲ್ಲೂ ನೀರು. ಚಂದ್ರನ ಮೇಲೆ ಹೋಗಿ ಬಂದ ದೇಶದಲ್ಲಿ ಒಂದು ಒಣಗಿದ ಕಾಯಿ ಇಲ್ಲ.

ನಾಲ್ಕು ದಿನ ಹೀಗೇ ಹೋಯಿತು. ಅಲ್ಲಿನ ಜನರದು ಇನ್ನೊಂದು ಅಭ್ಯಾಸ. ಗುರುತಿಲ್ಲದವರೂ ನಗುತ್ತಾ ‘ಹೇಗಿದ್ದೀರಿ’ ಎಂದು ಕೇಳುತ್ತಾರೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನು ಕಾಣಿಸುತ್ತದೆ. ಕೇಳುವ ಮನಸ್ಸಿಲ್ಲದ ಮೇಲೆ ಯಾಕೆ ಕೇಳಬೇಕು? ನಮ್ಮೂರಿನಲ್ಲಿ ಮಂಡಿನೋವು ಎಂದು ಒಬ್ಬನಿಗೆ ಹೇಳಿದರೆ ಸಂಜೆಯೊಳಗೆ ನಾಲ್ಕು ಥರದ ಎಣ್ಣೆ ಮನೆಗೆ ಬರುತ್ತದೆ. ಪಕ್ಕದ ಮನೆಯವನೊಬ್ಬ ದಿನ ಬಿಟ್ಟು ದಿನ ಮಿಷನ್ ಓಡಿಸಿ ಹುಲ್ಲು ಕತ್ತರಿಸುತ್ತಿದ್ದ. ಒಂದು ಹಸು ಇಲ್ಲ, ಎಮ್ಮೆ ಇಲ್ಲ. ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಕಸಕ್ಕೆ ಕೊಡುತ್ತಿದ್ದ.

ಐದನೆಯ ದಿನ ಮಹಾಲಿಂಗಪ್ಪ ಹೇಳಿದ: “ಭಾನುವಾರ ಮಧ್ಯಾಹ್ನ ಎರಡ್ ಗಂಟೆಗೆ ಹಾಲ್ ಬಾಡ್ಗೆಗೆ ಕೊಟ್ಟಿದೀನಿ ಕಣಪ್ಪ. ಹಿಪ್ ಹಾಪ್‌ನೋರು, ಇಬ್ರು ಹುಡುಗ್ರು. ಅವತ್ತು ಕ್ಯಾಸೆಟ್ ಕಂಪ್ನಿಯೋನು ಬತ್ತಾನಂತೆ, ಅವ್ರ ಎರಡ್ನೇ ಕ್ಯಾಸೆಟ್ ಮಾಡ್ಬೇಕೋ ಬೇಡ್ವೋ ನೋಡಾಕೆ. ಅವತ್ತೂ ಇದು ಕುಂಯ್ಯೋ ಅಂದ್ರೆ, ನೀನು ನನ್ ಷಡ್ಡಕ ಅಂತ ಯಾರ ಮುಂದೂ ಹೇಳ್ಬ್ಯಾಡ.”

ಮೂರನೆಯ ಮೆಟ್ಟಿಲಿನವರು

ಆ ಇಬ್ಬರು ಶನಿವಾರ ಬಂದರು, ಎರಡು ಕಾರುಗಳಲ್ಲಿ. ಇಬ್ಬರ ಮನೆಯೂ ಒಂದೇ ಕಟ್ಟಡದಲ್ಲಿ. ಒಂದೇ ಬಾಗಿಲಿನಿಂದ ಹೊರಟು ಒಂದೇ ಬಾಗಿಲಿಗೆ ಬರುವವರಿಗೆ ಎರಡು ಕಾರು ಯಾಕೆ ಎಂದರೆ, ಒಬ್ಬನ ಕಾರಿನಲ್ಲಿ ಇನ್ನೊಬ್ಬ ಕೂತರೆ ಕೂತವನು ಚಿಕ್ಕವನಾಗುತ್ತಾನಂತೆ. ಅವರ ಜೋಡಿಯ ಹೆಸರು ‘ಮೂರನೆಯ ಮೆಟ್ಟಿಲು’. ಒಬ್ಬ ತನ್ನನ್ನು ಬಿಗ್ ಸ್ಪೂನ್ ಎಂದು ಕರೆದುಕೊಳ್ಳುತ್ತಿದ್ದ, ಅಂದರೆ ದೊಡ್ಡ ಚಮಚ. ಇನ್ನೊಬ್ಬ ಡಾಕ್ಟರ್ ಪೆನ್ನಿ. ಇಪ್ಪತ್ಮೂರು ವಯಸ್ಸು, ಯಾರ ನಾಡಿಯನ್ನೂ ಹಿಡಿದವನಲ್ಲ, ಡಾಕ್ಟರ್! ಪ್ಯಾಂಟು ಒಬ್ಬೊಬ್ಬರದರಲ್ಲೂ ಇಬ್ಬಿಬ್ಬರು ಹಿಡಿಸುವಷ್ಟು ದೊಡ್ಡದು.

ಸಾಮಾನೆಲ್ಲ ಅವರ ಹಿಂದೆ ಒಂದು ವ್ಯಾನಿನಲ್ಲಿ ಬಂತು. ಓಡಿಸಿಕೊಂಡು ಬಂದವರು ಸ್ಪೂನನ ದೊಡ್ಡಮ್ಮ, ಲೊರೆಟ್ಟಾ ಎಂದು. ಅರವತ್ತರ ಹತ್ತಿರದ ದಪ್ಪನೆಯ ಹೆಂಗಸು. ಚಮಚವೂ ಡಾಕ್ಟರೂ ಕನ್ನಡಿಯ ಮುಂದೆ ನಿಂತು ಟೋಪಿ ಸರಿ ಮಾಡಿಕೊಳ್ಳುತ್ತಿದ್ದರೆ, ಡಬ್ಬಿಗಳನ್ನು ಇಳಿಸಿದವರು ಆಕೆ ಮತ್ತು ನಾನು. ಇಡೀ ಅಮೆರಿಕದಲ್ಲಿ ಕೆಲಸ ಮಾಡುವವರು ಎಂದು ನಾನು ಒಪ್ಪಿದ್ದು ಆಕೆಯೊಬ್ಬರನ್ನು.

ಮಹಾಲಿಂಗಪ್ಪನ ಹೆಂಡತಿ ಉಪ್ಪಿಟ್ಟು ಕೊಟ್ಟರು. ಲೊರೆಟ್ಟಾ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಾ ಆ ಹುಡುಗರ ಕಥೆ ಹೇಳಿದರು. ಮಹಾಲಿಂಗಪ್ಪ ಕನ್ನಡ ಮಾಡಿ ನನಗೆ ಹೇಳಿದ.

ಚಿಕ್ಕಂದಿನಲ್ಲಿ ಇಬ್ಬರೂ ಕಟ್ಟಡದ ಮೂರನೆಯ ಮೆಟ್ಟಿಲ ಮೇಲೆ ಕೂತು, ಊಟದ ಡಬ್ಬಿ ಬಡಿದುಕೊಂಡು ಮಾತು ಕಟ್ಟುತ್ತಿದ್ದರಂತೆ. ದೊಡ್ಡವರಾದ ಮೇಲೆ ಆಕೆಯ ಅಡಿಗೆ ಮನೆಯಲ್ಲೇ ಒಂದು ಹಾಡು ರೆಕಾರ್ಡ್ ಮಾಡಿದರು. ಹಿಂದುಗಡೆ ಫ್ರಿಡ್ಜ್ ಗುಂಯ್ಗುಡುವುದು ಅದರಲ್ಲಿ ಈಗಲೂ ಕೇಳುತ್ತದಂತೆ. ಒಂದು ಬೇಸಿಗೆಯೆಲ್ಲ ರೇಡಿಯೋದಲ್ಲಿ ಅದೇ ಹಾಡು. ಕಂಪನಿಯವರು ಕರೆದು ಒಂದು ಕ್ಯಾಸೆಟ್ ಮಾಡಿಸಿದರು. ಆರು ಊರು ಸುತ್ತಿದರು. ಕ್ಯಾಸೆಟ್ಟಿನ ಮೇಲಿನ ಫೋಟೋದಲ್ಲಿ ಸ್ಪೂನ್ ಮುಂದೆ ಇದ್ದ, ಡಾಕ್ಟರ್ ಒಂದು ಹೆಜ್ಜೆ ಹಿಂದೆ. ಅಲ್ಲಿಂದ ಶುರು. ಯಾರ ಹೆಸರು ಮೊದಲು, ಯಾರ ಮೈಕ್ ಜೋರು, ಯಾರು ನಡುವೆ ನಿಲ್ಲಬೇಕು. ಎರಡು ವರ್ಷ ಇದರಲ್ಲೇ ಕಳೆದರು. ಈ ಭಾನುವಾರವೂ ಕಂಪನಿಯವನು ಒಪ್ಪದಿದ್ದರೆ ಮುಗಿಯಿತು.

“ಇಬ್ರೂ ಸೇರಿ ಎರಡ್ ವರ್ಷಕ್ಕೆ ಒಂದೇ ಕ್ಯಾಸೆಟ್ಟಾ?” ಎಂದೆ. “ನಾನೂ ರಫೀಕನೂ ಒಂದ್ ಲಗ್ನದ ಕಾಲದಲ್ಲಿ ಐವತ್ ಮದ್ವೆ ಮಾಡ್ತೀವಿ.”

ಮಹಾಲಿಂಗಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆಕೆ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿ ಏನೋ ಕೇಳಿದರು.

“ನಿನ್ ಜೊತೆಯೋನು ಎಲ್ಲವ್ನೆ ಅಂತ ಕೇಳ್ತವ್ರೆ,” ಎಂದ ಮಹಾಲಿಂಗಪ್ಪ.

“ಊರಲ್ಲವ್ನೆ ಅನ್ನು,” ಎಂದು ಎದ್ದುಹೋದೆ.

ಆಮೇಲೆ ಅವರ ಹಾಡು ಕೇಳಿದೆ. ಹಾಡಲ್ಲ ಅದು, ಮಾತು. ನಮ್ಮ ಕಡೆ ಕಾಯಿ ಎಣಿಸುವವರು ರಾಶಿಯ ಮುಂದೆ ಕೂತು, ಉಸಿರು ತೆಗೆದುಕೊಳ್ಳದೆ ರಾಗವಾಗಿ ಲೆಕ್ಕ ಕೂಗುತ್ತಾ ಎರಡೂ ಕೈಯಲ್ಲಿ ಎಸೆಯುತ್ತಾರಲ್ಲ, ಹಾಗೆ. ಕಾಯಿ ಇಲ್ಲದೆ ಕಾಯಿ ಎಣಿಸಿದಂತೆ. ಮೈಕ್ ಹಾಕಿದೊಡನೆ ಕುಂಯ್ಯೋ. ನಿನ್ನಿಂದ, ನಿನ್ನಿಂದ ಎಂದು ಇಬ್ಬರೂ ಒಬ್ಬರಿಗೊಬ್ಬರು ಕೈ ತೋರಿಸಿಕೊಂಡು ಹೊರಗೆ ಹೋದರು.

ಒಂದು ಮಾತು ಬಿಡದೆ ಬರೆಯಬೇಕು. ಹಾಲಿನ ಮುಂದಿನ ಮೆಟ್ಟಿಲಲ್ಲಿ ಕನ್ನಡಿ ಇಲ್ಲ, ಮೈಕ್ ಇಲ್ಲ. ಇಬ್ಬರೂ ಅಲ್ಲಿ ಕೂತು ಮೆಲ್ಲಗೆ ಅದೇ ಮಾತುಗಳನ್ನು ಹೇಳಿಕೊಳ್ಳುತ್ತಿದ್ದರು. ಒಬ್ಬ ಅರ್ಧಕ್ಕೆ ಬಿಟ್ಟದ್ದನ್ನು ಇನ್ನೊಬ್ಬ ಅವನ ಮುಖ ನೋಡದೆ ಎತ್ತಿಕೊಳ್ಳುತ್ತಿದ್ದ. ಎದುರುಬದುರು ಕೂತು ಇಪ್ಪತ್ತು ವರ್ಷ ಕಾಯಿ ಎಣಿಸಿದವರಿಗೆ ಮಾತ್ರ ಬರುವ ಹದ ಅದು. ಆ ಐದು ನಿಮಿಷ ನಾನು ಅವರನ್ನು ಬೈಯಲಿಲ್ಲ.

ಭಾನುವಾರ ಬೆಳಗ್ಗೆ

ಅಲ್ಲಿ ಬೆಳಗ್ಗೆ ಒಂಬತ್ತಾದರೆ ನಮ್ಮಲ್ಲಿ ಸಂಜೆ ಆರೂವರೆ. ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿಸಿದೆ. ಬೂತಿನವರು ರಫೀಕನನ್ನು ಕರೆದರು. ಅವನು ‘ಹಲೋ’ ಎಂದ.

“ಊರಲ್ಲಿ ಮಳೆ ಬಂತೇನ್ಲಾ?” ಎಂದೆ.

“ಮಳೆ ಕೇಳಾಕೆ ಅಮೆರಿಕದಿಂದ ಫೋನ್ ಮಾಡಿದ್ಯಾ?”

“ಅಲ್ಲ, ಸುಮ್ನೆ...”

“ಕುಂಯ್ಯೋ ಅಂತಾ ಐತಾ?”

“ಹೂಂ.”

“ಎಷ್ಟು ದಿನದಿಂದ?”

“ಬಂದಾಗಿಂದ.”

ಆ ಕಡೆ ಅವನು ನಕ್ಕನೋ ಉಸಿರು ಬಿಟ್ಟನೋ ಗೊತ್ತಾಗಲಿಲ್ಲ. “ಕಾಯಿ ತಗಂಡ್ ಹೋಗಿದ್ದೆಯಲ್ಲೋ?”

“ಕಿತ್ಕಂಡ್ರು.”

“ಯಾರು?”

“ನಾಯಿ ಕಣ್ಲಾ. ಅದ್ನ ಆಮೇಲ್ ಹೇಳ್ತೀನಿ, ಈಗ ಬುಡು.”

“ಇರು,” ಎಂದ. ಚಪ್ಪಲಿಯ ಸದ್ದು ಅಂಗಡಿಯ ಕಡೆ ಹೋಗಿ ತಿರುಗಿ ಬಂತು. “ಫೋನ್ನ ಮೈಕಿನ ಮುಂದೆ ಹಿಡಿ. ಒಂದೇ ಸಲ ಅಲ್ಲಾಡಿಸ್ತೀನಿ. ನೀನ್ ಬಾಯ್ ಮುಚ್ಕಂಡಿರು, ನಾನ್ ಕೇಳ್ಬೇಕು.”

ಮಹಾಲಿಂಗಪ್ಪನ ಫೋನಿಗೆ ವೈರು ಇರಲಿಲ್ಲ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಿತ್ತು. ವೇದಿಕೆ ಹತ್ತಿ ಮೈಕಿಗೆ ಹಿಡಿದೆ. ತಿಪಟೂರಿನ ಬೂತಿನೊಳಗೆ ರಫೀಕ್ ಕಾಯಿ ಅಲ್ಲಾಡಿಸಿದ; ಅಮೆರಿಕದ ಆ ಹಾಲಿನಲ್ಲಿ ಕೊಬ್ಬರಿ ಉಂಡೆ ಈ ಗೋಡೆಯಿಂದ ಆ ಗೋಡೆಗೆ ಉರುಳಿತು. ನನ್ನ ಕೈಮೇಲೆ ಕೂದಲು ನಿಂತವು. ಯಾಕೆ ಎಂದು ಕೇಳಬೇಡಿ.

ಫೋನ್ ಕಿವಿಗಿಟ್ಟುಕೊಂಡೆ. “ಎರಡ್ ಸಲ ಉರುಳ್ತೈತೆ ಕಣೋ,” ಎಂದ ರಫೀಕ್. “ನಾನ್ ಅಲ್ಲಾಡಿಸಿದ್ದು ಒಂದ್ ಸಲ, ವಾಪಸ್ ಬಂದಿದ್ದು ಎರಡ್ ಸಲ. ಎದುರುಗಡೆ ಗಾಜೈತಾ?”

“ಕನ್ನಡಿ ಐತೆ. ಗೋಡೆ ಪೂರಾ.”

“ಯಾವನಲಾ ಅವ್ನು, ಹಾಲಿಗೆ ಕನ್ನಡಿ ಹಾಕ್ಸಿರೋನು?”

ಪಕ್ಕದಲ್ಲಿ ನಿಂತಿದ್ದ ಮಹಾಲಿಂಗಪ್ಪ ಗಂಟಲು ಸರಿ ಮಾಡಿಕೊಂಡ.

“ದನಿ ಕನ್ನಡಿಗೆ ಬಡ್ದು ತಿರ್ಗಾ ಮೈಕೊಳಕ್ಕೇ ಬತ್ತೈತೆ. ದಪ್ಪ ಬಟ್ಟೆ ಹೊದಿಸು. ಸ್ಪೀಕರ್ ಮೂತಿ ಒಸಿ ಕೆಳಕ್ ಬಾಗ್ಸು. ಆಮೇಲ್ ಇನ್ನೊಂದ್ ಸಲ ಅಲ್ಲಾಡಿಸ್ತೀನಿ.”

ಕನ್ನಡಿ ಮುಚ್ಚಲು ಮಹಾಲಿಂಗಪ್ಪ ಒಪ್ಪಲಿಲ್ಲ, ಹಾಲಿನ ಹೆಸರೇ ಅದರಿಂದ ಎಂದ. ಅಷ್ಟರಲ್ಲಿ, ಬೆಳಗ್ಗೆಯೇ ಬಂದಿದ್ದ ಲೊರೆಟ್ಟಾ ವ್ಯಾನಿನಿಂದ ತಮ್ಮ ಚರ್ಚಿನ ಹಾಡುಗಾರರ ನೀಲಿ ನಿಲುವಂಗಿಗಳನ್ನು ಹೊತ್ತು ತಂದು, ಅವನನ್ನು ಒಂದು ಮಾತೂ ಕೇಳದೆ ನೇತು ಹಾಕತೊಡಗಿದರು. ಇಬ್ಬರೂ ಸೇರಿ ಮುಚ್ಚಿದೆವು. ರಫೀಕ್ ಇನ್ನೊಂದು ಸಲ ಅಲ್ಲಾಡಿಸಿದ. ಒಂದೇ ಉರುಳು. ಬಿಡಿಬಿಡಿಯಾಗಿ, ಕೊನೇ ಸಾಲಿನ ತನಕ. ಕುಂಯ್ಯೋ ಇಲ್ಲ.

ಅಷ್ಟು ಹೊತ್ತಿಗೆ ಆ ಇಬ್ಬರೂ ಬಂದಿದ್ದರು. ಕನ್ನಡಿ ಮುಚ್ಚಿದ್ದಕ್ಕೆ ಮೊದಲು ಮುಖ ಗಂಟು ಹಾಕಿದರು. ಕಾಯಿಯ ಶಬ್ದ ಕೇಳಿದ್ದೇ ತಡ, ಅದೇನು, ಇನ್ನೊಂದು ಸಲ, ಎಂದರು. ಡಾಕ್ಟರ್ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡ. ಗುಂಡಿ ಒತ್ತಿದರೆ ರಫೀಕನ ಕಾಯಿ ತಾಳಕ್ಕೆ ತಕ್ಕಂತೆ ಉರುಳುತ್ತಿತ್ತು. ಇದೇ ನಮ್ಮ ಹೊಸ ಹಾಡು ಎಂದು ಇಬ್ಬರೂ ಕುಣಿದರು.

“ಏನ್ ಗಲಾಟೆ?” ಎಂದ ರಫೀಕ್ ಫೋನಿನಲ್ಲಿ.

“ನಿನ್ ಕಾಯಿಗೆ ಕುಣೀತವ್ರೆ.”

“ಕುಣೀಲಿ ಬುಡು,” ಎಂದ. ಆಮೇಲೆ, “ಸಾಮಾನೆಲ್ಲ ತೆಗ್ದು ಜೋಡಿಸಿಟ್ಟಿವ್ನಿ. ನೀನ್ ಬಂದ ದಿನ ಭಾಗ ಮಾಡಾಣ,” ಎಂದು ಇಟ್ಟುಬಿಟ್ಟ.

ಭಾನುವಾರ ಮಧ್ಯಾಹ್ನ

ಹಾಲ್ ತುಂಬಿತ್ತು. ಕಂಪನಿಯವನು ಕೊನೇ ಸಾಲಿನಲ್ಲಿ ಕೂತಿದ್ದ, ಸಣ್ಣ ಕನ್ನಡಕದವನು. ನಾನು ಪಕ್ಕದಲ್ಲಿ ತಿರುಪು ಹಿಡಿದು ಕೂತೆ. ಮೊದಲೆರಡು ಹಾಡಿಗೆ ಜನ ಎದ್ದು ನಿಂತರು. ಅವರ ಒಂದೊಂದು ಮಾತೂ ಮುತ್ತು ಪೋಣಿಸಿದ ಹಾಗೆ ಹೋಗಿ ಕೊನೇ ಸಾಲು ಮುಟ್ಟುತ್ತಿತ್ತು. ಹದಿನೆಂಟು ವರ್ಷದಲ್ಲಿ ತಿರುಪು ಹಿಡಿದು ನಾನೊಬ್ಬನೇ ಕೂತದ್ದು ಅದೇ ಮೊದಲು. ನನ್ನ ಸೆಟ್ಟು, ನನ್ನ ಕೈ, ಎಂದು ಒಳಗೊಳಗೇ ಹೇಳಿಕೊಂಡೆ. ಸುಳ್ಳೇಕೆ ಹೇಳಲಿ?

ಮೂರನೆಯ ಹಾಡಿಗೆ ಡಾಕ್ಟರ್ ಕಾಯಿಯ ಗುಂಡಿ ಒತ್ತಿದ. ಜನ ಹೋ ಎಂದರು. ಇದು ನಾನು ಹುಡುಕಿದ ಶಬ್ದ ಎಂದು ಅವನು ಮೈಕಿನಲ್ಲಿ ಹೇಳಿದ. ಸ್ಪೂನ್ ಹಾಡುವುದನ್ನು ನಿಲ್ಲಿಸಿ, ಇನ್ನೊಂದು ಸಲ ಹಾಕು ಎಂದವನು ನಾನು, ಮೊದಲು ಕೇಳಿದವನು ನಾನು ಎಂದ. ಪಕ್ಕದಲ್ಲಿದ್ದ ಮಹಾಲಿಂಗಪ್ಪ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದ. ಕಾಯಿ ತಿಪಟೂರಿನದು, ಅಲ್ಲಾಡಿಸಿದವನು ರಫೀಕ್, ನಂದು ನಂದು ಎಂದು ಕಿತ್ತಾಡುವವರು ಇವರು! ಜಗಳಕ್ಕೆ ಫೋಟೋ ಬಂತು, ಕಾರು ಬಂತು. ನಿನ್ನ ಮಾತುಗಳನ್ನೆಲ್ಲ ಬರೆದುಕೊಟ್ಟವನು ನಾನು ಎಂದ ಒಬ್ಬ. ನಮ್ಮ ದೊಡ್ಡಮ್ಮನ ಅಡಿಗೆ ಮನೆಯಲ್ಲಿ ತಿಂದು ಬೆಳೆದವನು ನೀನು ಎಂದ ಇನ್ನೊಬ್ಬ. ಮುಂದಿನ ಸಾಲಿನಲ್ಲಿ ಲೊರೆಟ್ಟಾ ಬಾಯಿಗೆ ಕೈ ಅಡ್ಡ ಹಿಡಿದರು.

ಫ್ಯೂಸು ನನ್ನ ಮಂಡಿಯ ಹತ್ತಿರವೇ ಇತ್ತು. ಮಾಡಬೇಕಾದದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ದೇಶದಲ್ಲೇ ಇರಲಿಲ್ಲ. ಕರೆಂಟ್ ಹೋಗದ ಊರು, ಯಾರೂ ನಂಬುವುದಿಲ್ಲ ಎಂದು ನೆವ ಹುಡುಕಿಕೊಂಡೆ. ಅದಲ್ಲ ನಿಜ. ಅಷ್ಟು ಚೆನ್ನಾಗಿ ಕೇಳುತ್ತಿತ್ತು. ಒಂದೊಂದು ಬೈಗುಳವೂ ಕೊನೇ ಸಾಲಿನ ತನಕ ಸ್ಪಷ್ಟ. ಕೈ ಹೋಗಿತ್ತು, ಫ್ಯೂಸಿನ ಮೇಲೆ ಬೆರಳಿಟ್ಟಿದ್ದೆ. ಕೀಳಲು ಮನಸ್ಸು ಬರಲಿಲ್ಲ.

ಕನ್ನಡಕದವನು ಎದ್ದುಹೋದ. ಆಮೇಲೆ ಡಾಕ್ಟರ್ ಮೈಕ್ ಕೆಳಗಿಟ್ಟು ಒಂದು ಬಾಗಿಲಿನಿಂದ ಹೋದ, ಸ್ಪೂನ್ ಇನ್ನೊಂದರಿಂದ. ಎರಡು ಕಾರುಗಳು ಹೊರಟದ್ದೂ ಒಳಗೆ ಕೇಳಿತು.

ಮಾರನೆಯ ದಿನ ನಿಲುವಂಗಿಗಳನ್ನು ಒಯ್ಯಲು ಲೊರೆಟ್ಟಾ ಒಬ್ಬರೇ ಬಂದರು. ಡಾಕ್ಟರ್ ದೂರದ ಊರಿನ ತನ್ನ ಅಪ್ಪನ ಮನೆಗೆ ಹೊರಟುಹೋಗಿದ್ದ. ಕಂಪನಿಯವನು ಬೇಡ ಎಂದು ಫೋನ್ ಮಾಡಿದ್ದ. ಮಡಿಸುತ್ತಾ ಮಡಿಸುತ್ತಾ ಆಕೆ ಒಂದು ಮಾತು ಕೇಳಿದರು. ಮಹಾಲಿಂಗಪ್ಪ ಅದನ್ನು ಕನ್ನಡ ಮಾಡಿದ.

“ಆ ಮೈಕ್ನ ಆರಿಸ್ಬೋದಾಗಿತ್ತಲ್ಲ ಅಂತವ್ರೆ.”

ನಾನು ಉತ್ತರ ಕೊಡಲಿಲ್ಲ. ಆಕೆ ಕೇಳಿ ಬೆನ್ನು ತಿರುಗಿಸಿ ಹೋಗುವ ಪೈಕಿ ಅಲ್ಲ, ಉತ್ತರಕ್ಕೆ ಕಾದರು. ಸಿಗದೆ ಹೋದಾಗ ಆ ಹುಡುಗರ ಒಂದೇ ಒಂದು ಕ್ಯಾಸೆಟ್ಟಿನ ಒಂದು ಪ್ರತಿ ನನ್ನ ಕೈಗಿಟ್ಟು ವ್ಯಾನ್ ಹತ್ತಿದರು.

ತಿಪಟೂರು, ಬಂದ ಮೇಲೆ

ಅಮೆರಿಕ ಹೇಗಿತ್ತು ಎಂದು ಬಸ್‌ಸ್ಟ್ಯಾಂಡಿನಿಂದ ಅಂಗಡಿಯ ತನಕ ಎಂಟು ಜನ ಕೇಳಿದರು. ನಿಂತು ಉತ್ತರ ಕೇಳಿದವರು ಎಂಟೂ ಜನ. ಅವರಿಗೆಲ್ಲ ಹೇಳಲು ನಾನು ವಿಮಾನದಲ್ಲೇ ಮಾತು ಜೋಡಿಸಿಕೊಂಡಿದ್ದೆ: ಅಲ್ಲಿನ ರಿಪೇರಿಯವರ ಕೈಲಾಗದ್ದನ್ನು ನಾನು ಮಾಡಿ ಬಂದೆ ಅಂತ. ಎಂಟೂ ಜನಕ್ಕೆ ಹಾಗೇ ಹೇಳಿದೆ. ಅಂಗಡಿಗೆ ಬಂದರೂ ಅವರಲ್ಲಿ ಮೂವರು ಜೊತೆಯಲ್ಲೇ ಇದ್ದರು.

ರಫೀಕ್ ಹೇಳಿದಂತೆ ಸಾಮಾನನ್ನೆಲ್ಲ ನೆಲದ ಮೇಲೆ ಎರಡು ಸಾಲು ಮಾಡಿಟ್ಟಿದ್ದ. ಹಾರ್ನ್ ಎರಡು ಅಲ್ಲಿ, ಎರಡು ಇಲ್ಲಿ. ಮೈಕ್ ಮೂರು ಅಲ್ಲಿ, ಮೂರು ಇಲ್ಲಿ. ಆಂಪ್ಲಿಫೈಯರ್ ಒಂದೇ ಇದ್ದದ್ದು. ಅದನ್ನು ನಡುವೆ ಇಟ್ಟು ಅದರ ಮೇಲೆ ಕಾಯಿ ಕೂರಿಸಿದ್ದ.

“ಇದ್ನ ಎಂಗ್ ಭಾಗ ಮಾಡೋದು ಗೊತ್ತಾಗ್ಲಿಲ್ಲ,” ಎಂದ. “ನೀನೇ ಹೇಳು.”

ಹಿಂದೆ ನಿಂತಿದ್ದ ಮೂವರಲ್ಲಿ ಒಬ್ಬರು, “ಅಮೆರಿಕದೋರ ಕೈಲಾಗ್ದಿದ್ನ ಬಸ್ರಾಜು ಮಾಡ್ಬಿಟ್ಟು ಬಂದವ್ರಂತೆ ಕಣ್ರೀ ರಫೀಕು,” ಎಂದರು.

ರಫೀಕ್ ನನ್ನ ಮುಖ ನೋಡಿದ.

“ನಾನಲ್ಲ,” ಎಂದೆ. “ಸರಿ ಮಾಡಿದ್ದು ಇವ್ನು. ಇಲ್ಲೇ ಬೂತಲ್ಲಿ ನಿಂತ್ಕಂಡು. ನಾನ್ ಅಲ್ಲಿ ಮಾಡಿದ್ದು ಬ್ಯಾರೆ.” ಕಾಯಿಯ ಹಾಡು, ಹುಡುಗರ ಜಗಳ, ಎಲ್ಲ ಹೇಳಿದೆ. ಬೂತಿನವರೂ ಬಂದು ನಿಂತು ಕೇಳಿದರು.

“ಫ್ಯೂಸ್ ಕೀಳ್ಲಿಲ್ವಾ?” ಎಂದ ರಫೀಕ್.

“ಇಲ್ಲ.”

“ಯಾಕೋ?”

“ಚೆನ್ನಾಗ್ ಕೇಳ್ತಿತ್ತು ಕಣ್ಲಾ.”

“ಪಾಪ, ಆ ಹುಡುಗ್ರು,” ಎಂದ. ಆಮೇಲೆ, “ನಿನ್ನೊಬ್ನೇ ಕಳಿಸ್ಬಾರ್ದಾಗಿತ್ತು. ತಪ್ಪು ನಂದೂ ಐತೆ.” ಎದ್ದು ಕಾಯಿ ತೆಗೆದು ಗೂಡಿನಲ್ಲಿಟ್ಟ. “ನಾಳೆ ಕಂದಿಕೆರೆ ಮದ್ವೆ. ಬೀಗ್ರಿಗೂ ಬೀಗ್ರಿಗೂ ಮೊದ್ಲಿಂದ ಆಗಿಬರಲ್ಲ. ಹಾರ್ನ್ ಎತ್ತು.”

ಎರಡೂ ಸಾಲಿನ ಹಾರ್ನುಗಳನ್ನು ನಾನೇ ಎತ್ತಿ ಗಾಡಿಗೆ ಹಾಕಿದೆ.

ಇದಾಗಿ ಎಂಟು ವರ್ಷವಾಯಿತು. ಮೂರನೆಯ ಮೆಟ್ಟಿಲಿನವರ ಎರಡನೆಯ ಕ್ಯಾಸೆಟ್ ಬರಲೇ ಇಲ್ಲ ಎಂದು ಮಹಾಲಿಂಗಪ್ಪ ಬರೆದಿದ್ದ. ಆ ಕನ್ನಡಿಯನ್ನೂ ತೆಗೆಸಿದನಂತೆ.

ಈಗ ನನ್ನ ಬಳಿ ಇರುವುದು ಇಷ್ಟು. ಆಂಪ್ಲಿಫೈಯರ್ ಮೂರು. ಹಾರ್ನ್ ಎಂಟು. ಮೈಕ್ ಹದಿನಾಲ್ಕು. ಜನರೇಟರ್ ಒಂದು. ನನಗೆ ಅರ್ಥವಾಗದ ಕ್ಯಾಸೆಟ್ ಒಂದು. ಒಣಗಿದ ಕಾಯಿ ಒಂದು. ಬೋರ್ಡು ಒಂದು, ಅದರ ಮೇಲೆ ಹೆಸರು ಎರಡು, ಮೊದಲನೆಯದು ರಫೀಕನದು. ಫ್ಯೂಸಿನ ಪಕ್ಕ ಕೂರುವ ಪಾಲುದಾರ ಒಬ್ಬ.